ಕ್ಲಚ್ ಇದ್ದ ಮಾತ್ರಕ್ಕೆ ವಿಮಾನ ಜಾಸ್ತಿ ತೇಲುವುದಿಲ್ಲ

ಸಂಪಾದಕರಿಗೆ,

ಹಗುರ ವಿಮಾನಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ ಕ್ಲಚ್ ಇದ್ದರೆ, ಎಂಜಿನ್ ನಿಂತಾಗಲೂ ಪ್ರೊಪೆಲ್ಲರ್ ಸಲೀಸಾಗಿ ತಿರುಗುತ್ತದೆ, ಹಾಗಾಗಿ ವಿಮಾನ ಜಾಸ್ತಿ ದೂರ ತೇಲುತ್ತದೆ ಎಂದಿದೆ. ಪೆಡಲ್ ನಿಲ್ಲಿಸಿದರೂ ಉರುಳುವ ಸೈಕಲ್‌ನ ಹೋಲಿಕೆ ಬೇರೆ. ನಾನೂ ಹಾಗೇ ಅಂದುಕೊಂಡಿದ್ದೆ. ಗಾಲಿಯ ಕಾಲಿನ ಬೋಲ್ಟ್ ಒಂದನ್ನು ಬಾಗಿಸಿಕೊಂಡ ಮೇಲೆ ಬುದ್ಧಿ ಬಂತು.

ಸೈಕಲ್ ಬಿಡಿ, ಹೆಲಿಕಾಪ್ಟರ್ ನೋಡಿ. ಅದರ ಎಂಜಿನ್ ನಿಂತರೆ ಮೇಲಿನ ರೋಟರ್ ಎಂಜಿನ್‌ನಿಂದ ಬಿಡಿಸಿಕೊಂಡು ಗಾಳಿಗೇ ತಿರುಗುತ್ತಾ ಇರುತ್ತದೆ. ತಿರುಗುತ್ತಿರುವುದರಿಂದಲೇ ಇಡೀ ಯಂತ್ರ ಕಲ್ಲಿನಂತೆ ಬೀಳದೆ ಹದವಾಗಿ ಇಳಿಯುತ್ತದೆ. ಅಂದರೆ ತಿರುಗುವ ರೆಕ್ಕೆ ಗಾಳಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅಲ್ವಾ? ಅದೇ ರೆಕ್ಕೆಯನ್ನು ವಿಮಾನದ ಮೂತಿಗೆ ಕಟ್ಟಿ ಎದುರುಗಾಳಿಗೆ ಒಡ್ಡಿ. ಅಲ್ಲಿ ಅದು ಬ್ರೇಕು. ತಿರುಗಲು ಬೇಕಾದ ಶಕ್ತಿಯನ್ನು ಅದು ಕೀಳುವುದು ನಿಮ್ಮ ಎತ್ತರದಿಂದಲೇ.

ಎಷ್ಟು ಕೀಳುತ್ತದೆ ಎನ್ನುವುದು ಬ್ಲೇಡಿನ ಪಿಚ್‌ನ, ಅಂದರೆ ಬ್ಲೇಡು ಎಷ್ಟು ಓರೆಯಾಗಿದೆ ಎನ್ನುವುದರ ಮೇಲೆ ನಿಂತಿದೆ. ಓರೆ ಕಡಿಮೆಯಾಗಿ ಬ್ಲೇಡು ಚಪ್ಪಟೆಯಾದಷ್ಟೂ, ಸುಮ್ನೆ ತಿರುಗುವ ಪ್ರೊಪೆಲ್ಲರ್ ನಿಂತ ಪ್ರೊಪೆಲ್ಲರ್‌ಗಿಂತ ಜಾಸ್ತಿ ಎಳೆಯುತ್ತದೆ. ಪಿಚ್ ಚೆನ್ನಾಗಿ ಏರಿದಾಗ ಲೆಕ್ಕ ತಿರುಗುಮುರುಗು. ಆಗ ನಿಂತದ್ದೇ ಹೆಚ್ಚು ಅಡ್ಡಿ. ಬೇಗ ಮೇಲೇರಲಿ ಎಂದು ಚಪ್ಪಟೆ ಪಿಚ್ ಇಟ್ಟುಕೊಂಡ ನಮ್ಮಂಥವರಿಗೆ ಸೈಕಲ್ ಹೋಲಿಕೆ ಪೂರ್ತಿ ಉಲ್ಟಾ. ಜಾಸ್ತಿ ದೂರ ತೇಲಲೇಬೇಕು ಎನ್ನುವವರು ಬೇರೆಯದೇ ದಾರಿ ಹಿಡಿದಿದ್ದಾರೆ. ಎಂಜಿನ್ ಆರಿಸಿಯೂ ತೇಲುತ್ತಾ ಹಾರುವ ಎಷ್ಟೋ ಮೋಟಾರ್ ಗ್ಲೈಡರ್‌ಗಳಲ್ಲಿ ಬ್ಲೇಡಿನ ಅಂಚು ಗಾಳಿಗೆ ಎದುರಾಗುವ ಹಾಗೆ ತಿರುಚಿ ನಿಲ್ಲಿಸುತ್ತಾರೆ. ಸ್ಟೆಮ್ಮೆ ಎಸ್10 ಎಂಬ ಗ್ಲೈಡರ್ ತನ್ನ ಪ್ರೊಪೆಲ್ಲರನ್ನು ಮಡಚಿ ಮೂತಿಯೊಳಗೇ ಇಟ್ಟುಕೊಳ್ಳುತ್ತದೆ.

ಈ ವ್ಯತ್ಯಾಸ ನೆಲದ ಮೇಲೆ ಎಷ್ಟಾಗುತ್ತದೆ ನೋಡಿ. 1000 ಅಡಿ ಎತ್ತರದಲ್ಲಿದ್ದೀರಿ ಅಂದುಕೊಳ್ಳಿ. ಒಂದು ಅಡಿ ಇಳಿಯುವಾಗ 9 ಅಡಿ ಮುಂದೆ ಹೋಗುವ ವಿಮಾನ ಸುಮಾರು 2.7 ಕಿಲೋಮೀಟರ್ ಮುಟ್ಟುತ್ತದೆ. ಪ್ರೊಪೆಲ್ಲರ್‌ನ ಎಳೆತ ಹೆಚ್ಚಾಗಿ 7 ಅಡಿ ಮಾತ್ರ ಹೋದರೆ 2.1. ನಡುವಿನ 600 ಮೀಟರ್‌ನಲ್ಲೇ ನೀವು ನಂಬಿಕೊಂಡ ರನ್‌ವೇ ಇರಬಹುದು.

ಇನ್ನು ನನ್ನ ಬೋಲ್ಟಿನ ಕಥೆ. ನಾನು ಕಲಿತದ್ದು ಕ್ಲಚ್ ಇಲ್ಲದ ಎರಡು ಸೀಟಿನ ವಿಮಾನದಲ್ಲಿ. ಥ್ರಾಟಲ್ (ಎಂಜಿನ್‌ನ ಆಕ್ಸಿಲರೇಟರ್) ಪೂರ್ತಿ ಮುಚ್ಚಿದರೂ ಐಡಲ್‌ನಲ್ಲಿ, ಅಂದರೆ ಎಂಜಿನ್ ತೀರಾ ನಿಧಾನವಾಗಿ ಓಡುವಾಗಲೂ, ಪ್ರೊಪೆಲ್ಲರ್ ಇಷ್ಟಿಷ್ಟು ತಳ್ಳುತ್ತಲೇ ಇರುತ್ತಿತ್ತು. ನೆಲದ ಹತ್ತಿರ ಮೂತಿ ಎತ್ತಿದರೆ ವಿಮಾನ ಇಳಿಯಲೋ ಬೇಡವೋ ಎನ್ನುತ್ತಾ ಮುಂದೆ ಮುಂದೆ ತೇಲುತ್ತಿತ್ತು. ಕೈಗೆ ಅದೇ ಅಭ್ಯಾಸ. ಆಮೇಲೆ ನನ್ನ ಪಾಲಿಗೆ ಬಂದದ್ದು ರೋಟ್ಯಾಕ್ಸ್ 582 ಎಂಜಿನ್‌ನ ವಿಮಾನ. ಅದಕ್ಕೆ ಸೆಂಟ್ರಿಫ್ಯೂಗಲ್ ಕ್ಲಚ್ ಇತ್ತು. ಎಂಜಿನ್ ನಿಮಿಷಕ್ಕೆ ಸುಮಾರು 2500 ಸುತ್ತಿಗೆ ಏರಿದಾಗ ಅದರ ಶೂಗಳು ಹೊರಕ್ಕೆ ಚಾಚಿ ಡ್ರಮ್ಮನ್ನು ಹಿಡಿಯುತ್ತವೆ. ಅದಕ್ಕಿಂತ ಕೆಳಗೆ ಬಂದರೆ ಬಿಟ್ಟುಬಿಡುತ್ತವೆ. ಸ್ಕೂಟರ್ ಬಿಚ್ಚಿ ನೋಡಿದವರಿಗೆ ಇದು ಹೊಸದಲ್ಲ.

ಮೊದಲ ಲ್ಯಾಂಡಿಂಗ್. ಹತ್ತು ಹದಿನೈದು ಅಡಿ ಎತ್ತರದಲ್ಲಿ ಎಂದಿನಂತೆ ಥ್ರಾಟಲ್ ಮುಚ್ಚಿದೆ. ಕ್ಲಚ್ ಬಿಟ್ಟಿತು. ಆ ಇಷ್ಟಿಷ್ಟು ತಳ್ಳುವಿಕೆ ಮಾಯ. ಜೊತೆಗೆ ಎದುರಿಗೆ ಒಂದು ದೊಡ್ಡ ತಟ್ಟೆ ಹಿಡಿದ ಹಾಗಾಯಿತು. ವೇಗ ಸರ್ರನೆ ಇಳಿಯಿತು. ಮೂತಿ ಎತ್ತಿದೆ, ಆದರೆ ರೆಕ್ಕೆಯಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ದಢಾರ್ ಎಂದು ಕೂತಿತು. ಬಾಗಿದ ಆ ಬೋಲ್ಟ್ ಈಗಲೂ ನನ್ನ ಟೂಲ್ ಡಬ್ಬದಲ್ಲಿದೆ. ಈಗ ಕೊನೆಯ ಹಂತದಲ್ಲಿ ವೇಗ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುತ್ತೇನೆ, ಮೂತಿ ಎತ್ತುವುದು ತಡವಾಗಿ. ಚಿಕ್ಕ ರನ್‌ವೇಗೆ ಇದು ವರ ಎನ್ನಲೂಬಹುದು. ತೇಲುತ್ತಾ ಕೊನೆಯ ಬೇಲಿ ಮುಟ್ಟುವ ಭಯವಿಲ್ಲ.

ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದುಕೊಂಡಾಗ ಇನ್ನೊಂದು ಫಜೀತಿ. ಥ್ರಾಟಲ್ ಒತ್ತಿದರೆ ಮೊದಲು ಎಂಜಿನ್ ಕಿರುಚುತ್ತದೆ. ಪ್ರೊಪೆಲ್ಲರ್ ಎಳೆಯುವುದು ಅದರ ನಂತರ, ಒಂದು ಏಟು ತಡವಾಗಿ. ಮೂವತ್ತು ಅಡಿಯಲ್ಲಿ ಆ ಒಂದು ಏಟು ಬಹಳ ಉದ್ದ. ಮೀಟರ್ ನಂಬಿ ಕೂರುವಂತೆಯೂ ಇಲ್ಲ, ಅದು ತೋರಿಸುವುದು ಎಂಜಿನ್ ಸುತ್ತನ್ನು. ಕ್ಲಚ್ ಬಿಟ್ಟಿದ್ದಾಗ ಪ್ರೊಪೆಲ್ಲರ್ ಏನು ಮಾಡುತ್ತಿದೆ ಎಂದು ಅದಕ್ಕೆ ಗೊತ್ತೇ ಇಲ್ಲ.

ಹಾಗಾದರೆ ಕ್ಲಚ್ ಯಾಕೆ ಹಾಕುತ್ತಾರೆ? ದೂರ ತೇಲಲಿ ಎಂದಲ್ಲ. ಟೂ ಸ್ಟ್ರೋಕ್ ಎಂಜಿನ್ ಕಡಿಮೆ ಸುತ್ತಿನಲ್ಲಿ ಜರ್ಕು ಹೊಡೆಯುತ್ತದೆ. ಭಾರದ ಪ್ರೊಪೆಲ್ಲರ್ ಅದಕ್ಕೆ ಒಗ್ಗುವುದಿಲ್ಲ. ಇಬ್ಬರ ಜಗಳದಲ್ಲಿ ಗೇರ್‌ಬಾಕ್ಸ್‌ನ ಹಲ್ಲುಗಳಿಗೆ ಪೆಟ್ಟು. ಕ್ಲಚ್ ಇದ್ದರೆ ಎಂಜಿನ್ ನೆಮ್ಮದಿಯಾಗಿ ಐಡಲ್ ಆಗುತ್ತದೆ. ಬೆನ್ನಿಗೆ ಮೋಟಾರ್ ಕಟ್ಟಿಕೊಂಡು ಹಾರುವ ಪ್ಯಾರಾಮೋಟಾರ್‌ನವರಿಗಂತೂ ಇನ್ನೂ ಅನುಕೂಲ. ಐಡಲ್‌ನಲ್ಲಿ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವುದಿಲ್ಲವಾದ್ದರಿಂದ ಪ್ಯಾರಾಚೂಟ್‌ನಂಥ ಬಟ್ಟೆ ರೆಕ್ಕೆಯ ದಾರಗಳು ಅದಕ್ಕೆ ಸಿಕ್ಕಿಕೊಳ್ಳುವ ಅಪಾಯ ಕಡಿಮೆ.

ಆದರೆ ಕ್ಲಚ್‌ಗೂ ಅದರದೇ ಹಟ ಇದೆ. ಒಮ್ಮೆ ನನ್ನದನ್ನು ಬಿಚ್ಚಿದಾಗ ಸುಟ್ಟ ವಾಸನೆ ಮುಖಕ್ಕೇ ಹೊಡೆಯಿತು. ಡ್ರಮ್ಮಿನ ಒಳಗೆ ನೀಲಿ ಬಣ್ಣ ಏರಿತ್ತು. ಶೂಗಳು ಗಾಜಿನಂತೆ ಹೊಳೆಯುತ್ತಿದ್ದವು, ಉಗುರಲ್ಲಿ ಕೆರೆದರೆ ಜಾರುತ್ತಿತ್ತು. ತಪ್ಪು ನನ್ನದೇ. ರನ್‌ವೇ ತನಕ ಹೋಗುವಾಗ 2500ರ ಆಸುಪಾಸಿನಲ್ಲೇ ಥ್ರಾಟಲ್ ಇಟ್ಟುಕೊಂಡು, ಹಿಡಿಯಲೂ ಬಿಡದೆ ಬಿಡಲೂ ಬಿಡದೆ ಉಜ್ಜಿಸಿದ್ದೆ.

ಇಷ್ಟು ಬೈದ ಮೇಲೆ ಅದರ ಒಂದು ನಿಜವಾದ ಉಪಕಾರ ಹೇಳಲೇಬೇಕು. ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದೂ ಅದೇ. ಕ್ಲಚ್ ಇಲ್ಲದ ವಿಮಾನದಲ್ಲಿ ಎಂಜಿನ್ ನಿಂತರೆ ಏನಾಗುತ್ತದೆ ಎಂಬುದನ್ನು ನಾವು ಎಂಜಿನ್ ಐಡಲ್‌ನಲ್ಲಿಟ್ಟು ಅಭ್ಯಾಸ ಮಾಡುತ್ತೇವೆ. ಆದರೆ ಎಂಜಿನ್ ನಿಜವಾಗಿ ನಿಂತಾಗ ಆ ಸಣ್ಣ ತಳ್ಳುವಿಕೆ ಇರುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಪ್ರೊಪೆಲ್ಲರೂ ಗಕ್ಕನೆ ನಿಂತುಬಿಡುತ್ತದೆ. ಅಭ್ಯಾಸ ಮಾಡಿದ್ದು ಒಂದು, ಎದುರಾದದ್ದು ಇನ್ನೊಂದು. ಕ್ಲಚ್ ಇದ್ದರೆ ಎರಡೂ ಸಲ ಪ್ರೊಪೆಲ್ಲರ್ ಎಂಜಿನ್‌ನಿಂದ ಬಿಡಿಸಿಕೊಂಡೇ ತಿರುಗುತ್ತಿರುತ್ತದೆ. ಇದನ್ನು ನೋಡಲೆಂದೇ ಬೋಧಕರ ಜೊತೆ, ರನ್‌ವೇಯ ನೆತ್ತಿಯ ಮೇಲೆ, ಸಾಕಷ್ಟು ಎತ್ತರದಲ್ಲಿ ಎರಡು ಸಲ ಇಳಿದೆವು. ಒಮ್ಮೆ ಐಡಲ್‌ನಲ್ಲಿ, ಒಮ್ಮೆ ಎಂಜಿನ್ ಆರಿಸಿ. ಒಂದೇ ವೇಗ ಹಿಡಿದು, 500 ಅಡಿ ಇಳಿಯಲು ಹಿಡಿದ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಹೀಗೆ ಆರಿಸಿದ ಎಂಜಿನ್ನನ್ನು ಮೂತಿ ಬಗ್ಗಿಸಿ ಗಾಳಿಯ ಹೊಡೆತದಿಂದ ಮತ್ತೆ ಶುರು ಮಾಡಲಾಗದು. ಪ್ರೊಪೆಲ್ಲರ್ ಎಷ್ಟೇ ಜೋರಾಗಿ ತಿರುಗಿದರೂ ಎಂಜಿನ್‌ಗೆ ಅದರ ಸುದ್ದಿ ಮುಟ್ಟುವುದಿಲ್ಲ. ಸ್ಟಾರ್ಟರೇ ಗತಿ.

ದಯವಿಟ್ಟು ಆ ಸೈಕಲ್ ಸಾಲಿಗೆ ಒಂದು ತಿದ್ದುಪಡಿ ಹಾಕಿ. ಹೊಸದಾಗಿ ಕಲಿಯುತ್ತಿರುವ ಯಾರಾದರೂ ಅದನ್ನು ನಂಬಿ ಆ 600 ಮೀಟರನ್ನು ಲೆಕ್ಕಕ್ಕೆ ಸೇರಿಸಿಕೊಂಡಾರು.

ಇತಿ,
ಹಗುರ ವಿಮಾನ ಹಾರಿಸುವ ಒಬ್ಬ ಓದುಗ