ಕೊರಗ ನುಡಿಯ ಉಳಿವಿಗಾಗಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಕರಾವಳಿಯ ಬುಡಕಟ್ಟು ಸಮುದಾಯವಾದ ಕೊರಗರ, ಉಡುಪಿ ಜಿಲ್ಲೆಯ ಕಾಲನಿಯೊಂದರ ಜಗಲಿಯಲ್ಲಿ ಕಾಡಿನ ಬಿಳಲು ಸೀಳಿ ಬುಟ್ಟಿ ಹೆಣೆಯುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಕೊರಗ ನುಡಿಯಲ್ಲಿ ಏನೋ ಹೇಳಿದರು. ಮಗು ಬಿಳಲಿನ ಕಟ್ಟನ್ನು ಅಜ್ಜಿಯ ಕೈಗಿತ್ತು ತುಳುವಿನಲ್ಲಿ ಉತ್ತರಿಸಿತು. ಅದಕ್ಕೆ ಮಾತು ತಿಳಿಯುತ್ತದೆ, ಆಡಲು ಬರುವುದಿಲ್ಲ. ನಾನು ಹತ್ತಿರ ಹೋದೊಡನೆ ಅಜ್ಜಿಯೂ ತುಳುವಿಗೆ ಹೊರಳಿದರು.

ಹೊರಗಿನವರೆದುರು ಸ್ವಂತ ನುಡಿಯನ್ನು ಬಚ್ಚಿಡುವ ಈ ಅಭ್ಯಾಸದ ಹಿಂದೆ ಎಂತಹ ಅವಮಾನಗಳಿವೆ ಎಂಬುದು ತಮಗೆ ತಿಳಿಯದ್ದಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದ ಅಜಲು ಪದ್ಧತಿಯನ್ನು ತಡೆಯಲು 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅಂಥ ನಾಡಿನಲ್ಲಿ ತಾಯಿಯೊಬ್ಬಳು ತನ್ನ ನುಡಿ ಮಗುವಿನ ಗುರುತಾಗದಿರಲಿ ಎಂದು ಬಯಸಿದರೆ ಅದು ಆಕೆಯ ತಪ್ಪಲ್ಲ.

ಕೊರಗ ನುಡಿ ತುಳುವಿನ ಒಂದು ಬಗೆಯಲ್ಲ, ದ್ರಾವಿಡ ಬಳಗದ ಬೇರೆಯೇ ಭಾಷೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಅದರ ಕುರಿತ ಅಧ್ಯಯನವನ್ನು 1971ರಷ್ಟು ಹಿಂದೆಯೇ ಪ್ರಕಟಿಸಿದರು. ಆದರೆ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳನ್ನು ಹೆಸರಿಸದ ಜನಗಣತಿಯ 2011ರ 121 ಭಾಷೆಗಳ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅನುದಾನವನ್ನು ಯಾರು ಕೇಳುತ್ತಾರೆ? 2010ರ ಜನವರಿ 26ರಂದು, ದೇಶವೆಲ್ಲ ಗಣರಾಜ್ಯೋತ್ಸವದಲ್ಲಿದ್ದಾಗ, ಅಂಡಮಾನಿನಲ್ಲಿ ಬೋವಾ ಎಂಬ ಹಿರಿಯ ಮಹಿಳೆ ತೀರಿಕೊಂಡರು, ಅವರೊಡನೆ ಬೋ ಭಾಷೆಯೂ ಮುಗಿಯಿತು. ಬಹುಕಾಲ ಅವರಿಗೆ ಆ ನುಡಿಯಲ್ಲಿ ಮಾತನಾಡಲು ಮತ್ತೊಬ್ಬರೇ ಇರಲಿಲ್ಲ. ನಮ್ಮ ಜಗಲಿಯ ಅಜ್ಜಿಗೆ ಆ ಗತಿ ಬರಬಾರದು.

ಭಾಷಿಕ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಕ್ಕೆ ಹೇಳುತ್ತದೆ. ಕೊರಗ ಮಕ್ಕಳು ಕಲಿಯುವ ಆಶ್ರಮ ಶಾಲೆಗಳ ಒಂದನೇ ಮತ್ತು ಎರಡನೇ ತರಗತಿಗಳಿಗೆ ಆ ನುಡಿಯನ್ನಾಡುವ ಸಮುದಾಯದ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಬೇಕು ಎಂದು ಕೋರುತ್ತೇನೆ. ಕನ್ನಡ ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯ ಮಾತಿನಿಂದ ಕನ್ನಡಕ್ಕೆ ಕೈಹಿಡಿದು ದಾಟಿಸುವವರು ಬೇಕು. ಜೊತೆಗೆ, ಮೈಸೂರಿನಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದ ನೆರವು ಪಡೆದು, ಹಿರಿಯರ ಒಪ್ಪಿಗೆಯೊಂದಿಗೆ, ಗೌರವಧನ ನೀಡಿ ಅವರ ಹಾಡು, ಕತೆ, ಗಿಡಬಳ್ಳಿಗಳ ಹೆಸರುಗಳನ್ನು ಧ್ವನಿಮುದ್ರಿಸಬೇಕು. ಈ ಕೆಲಸ ಪದವಿ ಪಡೆದ ಕೊರಗ ಯುವಜನರ ಕೈಯಲ್ಲೇ ನಡೆಯಬೇಕು. ಹೊರಗಿನವರಿಗೆ ಹೇಳದ್ದನ್ನು ಅಜ್ಜಿ ಅವರಿಗೆ ಹೇಳಿಯಾರು.

ಬರುವ ಶೈಕ್ಷಣಿಕ ವರ್ಷದೊಳಗೆ ಒಂದು ಶಾಲೆಯಲ್ಲಾದರೂ ಇದನ್ನು ಆರಂಭಿಸಲು ಆದೇಶ ಹೊರಡಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಉಡುಪಿ ಜಿಲ್ಲೆಯ ಒಬ್ಬ ನಿವೃತ್ತ ಶಿಕ್ಷಕ