ಗದ್ದಕ್ಕೆ ಪೆಟ್ಟಾದರೆ ಕಿವಿಯ ಮುಂದೆಯೂ ನೋಡಿ

ಮಾನ್ಯ ಪೋಷಕರೇ,

ನಮಸ್ಕಾರ. ಜೂನ್ ಬಂತೆಂದರೆ ನಮ್ಮ ಉಡುಪಿಯಲ್ಲಿ ಕೆಂಪುಕಲ್ಲಿನ ಮೆಟ್ಟಿಲು, ಅಂಗಳ, ಕಾಲುಸಂಕ ಎಲ್ಲವೂ ಪಾಚಿ ಕಟ್ಟಿ ಜಾರುತ್ತವೆ. ಮಕ್ಕಳು ಬೀಳುತ್ತಾರೆ, ಅದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಗದ್ದ ನೆಲಕ್ಕೆ ಬಡಿದಿದ್ದರೆ ಅದನ್ನು ಮಂಡಿ ತರಚಿದಷ್ಟು ಹಗುರವಾಗಿ ನೋಡಬೇಡಿ ಎನ್ನಲಿಕ್ಕೇ ಈ ಪತ್ರ.

ಗದ್ದದ ಏಟು ಕೆಳದವಡೆಯ ಮೂಳೆಗುಂಟ ಹೋಗಿ ಕಿವಿಯ ಮುಂದಿನ ಕೀಲಿಗೆ ತಾಗುತ್ತದೆ. ಅಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ, ಕೀಲು ಅಲುಗುವುದು ಗೊತ್ತಾಗುತ್ತದೆ. ಗದ್ದಕ್ಕೆ ಹೊಲಿಗೆ ಬಿತ್ತು, ರಕ್ತ ನಿಂತಿತು ಎಂದು ಸಮಾಧಾನಪಡುತ್ತೇವೆ. ಒಳಗೆ ಕೀಲುಮೂಳೆ ಮುರಿದಿದ್ದರೆ ಹೊರಗೆ ಕಾಣುವುದೇ ಇಲ್ಲ. ಮಕ್ಕಳ ದವಡೆ ಬೆಳೆಯುವ ಮುಖ್ಯ ಜಾಗಗಳಲ್ಲಿ ಅದೂ ಒಂದು. ಹಾಗೇ ಬಿಟ್ಟರೆ ಕೀಲು ಅಂಟಿಕೊಂಡು ಬಾಯಿ ತೆರೆಯಲಾಗದೆ ಹೋಗಬಹುದು, ಮುಖ ಒಂದು ಪಕ್ಕಕ್ಕೆ ಓರೆಯಾಗಿ ಬೆಳೆಯಬಹುದು.

ಬಿದ್ದ ದಿನವೂ ಮರುದಿನವೂ ಮಗುವಿಗೆ ಬಾಯಿ ದೊಡ್ಡದಾಗಿ ತೆರೆಯಲು ಹೇಳಿ. ಅದರದೇ ಮೂರು ಬೆರಳು, ಒಂದರ ಕೆಳಗೊಂದರಂತೆ, ಮುಂದಿನ ಹಲ್ಲುಗಳ ನಡುವೆ ಹಿಡಿಯುತ್ತವೆಯೇ? ದವಡೆ ಒಂದು ಕಡೆ ವಾಲುತ್ತಿದೆಯೇ? ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲವೇ? ಸಂಶಯ ಬಂದರೆ, ಕಿವಿಯಿಂದ ರಕ್ತ ಬಂದರಂತೂ, ಕಾಯಬೇಡಿ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಮಣಿಪಾಲದ ದಂತ ಕಾಲೇಜಿಗೋ ಕರೆದೊಯ್ಯಿರಿ, ಎಕ್ಸ್‌ರೇ ಬೇಕೇ ಎಂದು ಕೇಳಿ. ಹೆಚ್ಚಿನ ಮಕ್ಕಳಿಗೆ ಆಪರೇಷನ್ ಬೇಕಾಗುವುದಿಲ್ಲ. ಕೆಲವು ದಿನ ಗಂಜಿ, ನೀರುದೋಸೆಯಂಥ ಮೆತ್ತಗಿನ ಊಟ, ವೈದ್ಯರು ಹೇಳಿಕೊಟ್ಟ ಬಾಯಿಯ ವ್ಯಾಯಾಮ ಸಾಕಾಗುತ್ತದೆ. ನೋವೆಂದು ಮಗು ಅತ್ತರೂ ಆ ವ್ಯಾಯಾಮ ಬಿಡಿಸಬೇಡಿ, ಕೀಲು ಬಿಗಿಯದಂತೆ ಕಾಯುವುದು ಅದೇ.

ರಾತ್ರಿ ಹಲ್ಲು ಕಡಿಯುವ ಬಗ್ಗೆಯೂ ಹಲವರು ಕೇಳುತ್ತೀರಿ. ಹೊಟ್ಟೆಹುಳವೇ ಕಾರಣ ಎಂಬ ಮಾತು ನಮ್ಮಲ್ಲಿ ಹಳೆಯದು. ಹುಳದ ಮಾತ್ರೆ ಶಾಲೆಯಲ್ಲೇ ಕೊಡುತ್ತೇವೆ, ತಪ್ಪದೆ ತೆಗೆದುಕೊಳ್ಳಲಿ, ಆದರೆ ಹಲ್ಲು ಕಡಿಯುವುದು ಅದರಿಂದಲೇ ನಿಲ್ಲುತ್ತದೆಂದು ಕೂರಬೇಡಿ. ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿ ಕಡಿಮೆಯಾಗುತ್ತದೆ. ಬೆಳಿಗ್ಗೆ ದವಡೆ ನೋಯುತ್ತಿದ್ದರೆ, ಹಲ್ಲು ಸವೆದಿದ್ದರೆ ಅಥವಾ ಗೊರಕೆ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ಉಗುರು, ಪೆನ್ಸಿಲ್ ಕಚ್ಚುವುದನ್ನು ತರಗತಿಯಲ್ಲಿ ನಾವು ಬಿಡಿಸುತ್ತಿದ್ದೇವೆ, ಮನೆಯಲ್ಲಿ ಗದರದೆ ನೆನಪಿಸಿ. ಬಾಯಿ ತೆರೆಯುವಾಗ ಬರೀ 'ಟಕ್' ಎಂದರೆ, ನೋವಿಲ್ಲದಿದ್ದರೆ, ಗಾಬರಿ ಬೇಡ.

ಶಾಲೆಯ ಮೆಟ್ಟಿಲುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸುತ್ತಿದ್ದೇವೆ. ಅಟ್ಟೆ ಸವೆದ ಚಪ್ಪಲಿಯಲ್ಲಿ ಮಕ್ಕಳನ್ನು ಕಳಿಸಬೇಡಿ. ಗಟ್ಟಿ ಪದಾರ್ಥ ಕಡಿಯಬಾರದೆಂದು ವೈದ್ಯರು ಹೇಳಿದ್ದರೆ ಡೈರಿಯಲ್ಲಿ ಬರೆಯಿರಿ, ಬಿಸಿಯೂಟದ ಅಕ್ಕಂದಿರಿಗೆ ಅನ್ನ ಮೆತ್ತಗೆ ಕಲಸಿ ಕೊಡಲು ಹೇಳುತ್ತೇನೆ.

ಇಂತು,
ಮುಖ್ಯೋಪಾಧ್ಯಾಯಿನಿ