312ನೆಯ ಪುಟ ಹಸಿರಾದ ಹೊತ್ತಿಗೆ

ಕನ್ನಡ ವಿಕಿಸೋರ್ಸ್‌ನಲ್ಲಿ (ಸ್ವಯಂಸೇವಕರು ಹಳೆಯ ಪುಸ್ತಕಗಳ ಪಠ್ಯವನ್ನು ತಿದ್ದಿ ಎಲ್ಲರಿಗೂ ಉಚಿತವಾಗಿ ತೆರೆದಿಡುವ ಅಂತರ್ಜಾಲದ ಗ್ರಂಥಾಲಯದಲ್ಲಿ) ನಾವು ಐವರು ಕೈಗೆತ್ತಿಕೊಂಡಿದ್ದ ಹಳೆಯ ಗದ್ಯಕೃತಿಯ 312ನೆಯ ಪುಟ, ಅಂದರೆ ಕೊನೆಯ ಪುಟ, ಕಳೆದ ಭಾನುವಾರ ರಾತ್ರಿ ಹಸಿರಾಯಿತು. ಒಂದೂವರೆ ವರ್ಷ ಜೊತೆಗೆ ದುಡಿದ ಉಳಿದ ನಾಲ್ವರನ್ನು ನಾನು ಈವರೆಗೆ ಮುಖತಃ ಕಂಡಿಲ್ಲ. ಕೈಮುಗಿದು ಹೇಳಬೇಕಾದದ್ದನ್ನು ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದಿ ಕೊಟ್ಟ ಪಠ್ಯ ಅಲ್ಲಿ ಮೊದಲು ಕೆಂಪು ಗುರುತಿನಲ್ಲಿರುತ್ತದೆ, ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಿದ ಮೇಲೆ ಹಳದಿಯಾಗುತ್ತದೆ, ಬೇರೊಬ್ಬರು ಮತ್ತೆ ಓದಿ ಒಪ್ಪಿದಾಗ ಮಾತ್ರ ಹಸಿರಾಗುತ್ತದೆ. ಯಂತ್ರದ ಓದು ಮೊದಲಿಗಿಂತ ಬಹಳ ಸುಧಾರಿಸಿದೆ, ನಿಜ. ಆದರೂ ಹಳೆಯ ಅಚ್ಚಿನ ಅರ್ಕಾವೊತ್ತನ್ನು ಅದು ಕನ್ನಡದ ಒಂಬತ್ತರ ಅಂಕಿಯೆಂದೂ ಅನುಸ್ವಾರವನ್ನು ಸೊನ್ನೆಯೆಂದೂ ಓದಿಬಿಡುವುದುಂಟು. ‘ಧರ್ಮ’ ಎಂಬಲ್ಲಿ ‘ಧಮ೯’ ಎಂದಿದ್ದರೆ ಕಣ್ಣಿಗೆ ತಪ್ಪು ಕಾಣುವುದೇ ಇಲ್ಲ. ಮುಂದೊಂದು ದಿನ ಯಾರೋ ಆ ಪದವನ್ನು ಹುಡುಕಿದಾಗ ಅದು ಸಿಗುವುದಿಲ್ಲ, ಅಷ್ಟೆ.

ಮೊದಲ ನಾಲ್ಕು ತಿಂಗಳು ನಮ್ಮಲ್ಲಿ ವಾಟ್ಸ್ಆ್ಯಪ್ ಗುಂಪಿತ್ತು, ಹಂಚಿಕೆಯ ಪಟ್ಟಿಯಿತ್ತು, ನೆನಪಿಸುವ ಆ್ಯಪ್ ಇತ್ತು; ಮುಗಿದದ್ದು ಮೂವತ್ತು ಪುಟ. ಕೆಲಸಕ್ಕೆ ಜೀವ ಬಂದದ್ದು ಶಿವಮೊಗ್ಗ ಸೀಮೆಯ ನಿವೃತ್ತ ಕನ್ನಡ ಮೇಷ್ಟ್ರಿಂದ. “ದಿನಕ್ಕೆ ಒಂದೇ ಪುಟ ಸಾಕು, ಆದರೆ ಎಲ್ಲಿ ನಿಲ್ಲಿಸಿದಿರಿ, ಯಾವ ಪದದಲ್ಲಿ ಅನುಮಾನ ಉಳಿಯಿತು ಅಂತ ಒಂದು ಸಾಲು ಬರೆದಿಟ್ಟೇ ಮಲಗಿ” ಎಂದರು. ಆ ಒಂದು ಸಾಲಿನ ರೂಢಿಯೇ ನಮ್ಮನ್ನು ದಡ ಮುಟ್ಟಿಸಿತು ಎಂದು ನಾನು ಮನಸಾರೆ ನಂಬಿದ್ದೇನೆ. ನಾನು ಬಿಟ್ಟ ಅನುಮಾನವನ್ನು ದುಬೈಯಲ್ಲಿ ನರ್ಸ್ ಆಗಿರುವ ಅಕ್ಕ ರಾತ್ರಿ ಪಾಳಿ ಮುಗಿಸಿ ಬಂದು ನೋಡುತ್ತಿದ್ದರು; ಜಮಾಬಂದಿ, ತಖ್ತೆಯಂಥ ಕಂದಾಯದ ಮಾತು ಬಂದರೆ ಕಲಬುರಗಿಯ ವಿದ್ಯಾರ್ಥಿ ತಮ್ಮ ತಾತನನ್ನು ಕೇಳಿಕೊಂಡು ಬರುತ್ತಿದ್ದರು.

ಒಮ್ಮೆ ನಾನು ‘ಯೆಲ್ಲಾ’, ‘ವೊಂದು’ ಎಂಬ ಹಳೆಯ ರೂಪಗಳನ್ನು ಅಚ್ಚಿನ ತಪ್ಪೆಂದು ತಿಳಿದು, ನಲವತ್ತು ಪುಟಗಳಲ್ಲಿ ಇಂದಿನ ಬರವಣಿಗೆಗೆ ತಿದ್ದಿಬಿಟ್ಟಿದ್ದೆ. ಮೂಲದಲ್ಲಿ ಇದ್ದಂತೆಯೇ ಉಳಿಸಬೇಕೆಂಬುದು ಅಲ್ಲಿನ ನಿಯಮ. ಮೇಷ್ಟ್ರು ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯದೆ ನನಗೆ ಫೋನು ಮಾಡಿ, “ನೋಡಮ್ಮಾ, ಅವರು ಬರೆದದ್ದು ಹಾಗೇ ಇರಲಿ. ಇಬ್ಬರೂ ಕೂತು ಸರಿಮಾಡೋಣ” ಎಂದರು. ಹನ್ನೊಂದು ಸಂಜೆ ಅವರು ಮೂಲವನ್ನು ಸಾಲು ಸಾಲಾಗಿ ಓದಿದರು, ನಾನು ತಿದ್ದಿದೆ. ಅಂದು ಎಲ್ಲರೆದುರು ತಪ್ಪು ತೋರಿಸಿದ್ದರೆ ನಾನು ಈ ಕೆಲಸ ಬಿಡುತ್ತಿದ್ದೆನೆಂದೇ ತೋರುತ್ತದೆ.

ಅಪ್ಪ ಆಸ್ಪತ್ರೆಯಲ್ಲಿದ್ದ ಆರು ವಾರ ನನ್ನ ಪಾಲಿನ ಪುಟಗಳನ್ನು ಮಂಗಳೂರಿನ ಗೆಳತಿ ಕೇಳದೆಯೇ ವಹಿಸಿಕೊಂಡರು. ಪ್ರತಿ ಪುಟದ ಕೆಳಗೂ ಒಂದು ಸಾಲು ಬರೆದಿಟ್ಟಿದ್ದರಿಂದ, ಮರಳಿ ಬಂದಾಗ ನಾನು ಯಾರನ್ನೂ ಏನನ್ನೂ ಕೇಳಬೇಕಾಗಲಿಲ್ಲ.

ಮೇಷ್ಟ್ರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಮಳೆಗಾಲದ ಭಾನುವಾರಗಳಲ್ಲಿ ಅವರು ಫೋನಿನಲ್ಲಿ ನಮ್ಮೊಡನೆ ಮಾತಾಡುವಷ್ಟು ಹೊತ್ತೂ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ ಅವರ ಮನೆಯವರಿಗೂ ನನ್ನ ನಮಸ್ಕಾರಗಳು.